ಅದೇ ಮಾತು, ಇನ್ನೊಂದು ಬಗೆ: ಕಾಲೇಜು ನಾಟಕದ ಆಡಿಷನ್‌ಗೆ ತಯಾರಿ

ಯುವಜನೋತ್ಸವದ ನೋಟಿಸು ಬೋರ್ಡಿಗೆ ಬಿದ್ದ ದಿನದಿಂದಲೇ ಕಲಬುರಗಿಯ ಕಾಲೇಜುಗಳಲ್ಲಿ ನಾಟಕದ ಮಾತು ಶುರುವಾಗುತ್ತದೆ. ಹೆಸರು ಕೊಡುವ ಮೊದಲು ಒಂದು ಲೆಕ್ಕ ತಿಳಿದಿರಲಿ. ಅಂತರ ವಿಶ್ವವಿದ್ಯಾಲಯ ಯುವಜನೋತ್ಸವದ ನಿಯಮದಂತೆ ಏಕಾಂಕ ನಾಟಕಕ್ಕೆ 30 ನಿಮಿಷ. ಆಡುವವರು ಹೆಚ್ಚೆಂದರೆ 9 ಮಂದಿ, ಜೊತೆಗಿರುವ ಸಹಾಯಕರು 3 ಮಂದಿ. ಕಿರುಪ್ರಹಸನಕ್ಕೆ 6 ಮಂದಿ, 10 ನಿಮಿಷ. ಸ್ಕ್ರಿಪ್ಟಿನಲ್ಲಿ ಹದಿನೈದು ಪಾತ್ರಗಳಿದ್ದರೆ ಮೊದಲ ದೃಶ್ಯದ ಸಾಹುಕಾರನೇ ಮೂರನೇ ದೃಶ್ಯದಲ್ಲಿ ಬಸ್ ಕಂಡಕ್ಟರ್ ಆಗಿ ಬರಬೇಕಾಗುತ್ತದೆ. ಆದ್ದರಿಂದ ನಿರ್ದೇಶಕರ ಕಣ್ಣು ಹುಡುಕುವುದು, ಹೇಳಿದ ಕೂಡಲೇ ಬದಲಾಗಬಲ್ಲ ಹುಡುಗ ಹುಡುಗಿಯರನ್ನು. ತಯಾರಿಯೆಲ್ಲ ಈ ಒಂದು ಗುಣದ ಸುತ್ತ ನಡೆಯಲಿ.

ಮಾತು ಆರಿಸುವುದು

ಆಡಿಷನ್‌ನಲ್ಲಿ ಆಡಿ ತೋರಿಸಲು ಒಂದೂವರೆ ನಿಮಿಷಕ್ಕೆ ಮುಗಿಯುವ ಮಾತು ಸಾಕು. ಸುಮಾರು 100ರಿಂದ 120 ಪದ. ಉದ್ದವಾದರೆ ನಡುವೆಯೇ ‘ಸಾಕು’ ಅನ್ನುತ್ತಾರೆ, ಚೆಂದದ ಭಾಗ ಕೊನೆಯಲ್ಲೇ ಉಳಿದುಹೋಗುತ್ತದೆ. ಹುಚ್ಚ, ಕುಡುಕ, ಬಿದ್ದು ಬಿದ್ದು ಅಳುವ ತಾಯಿ, ಸಿನಿಮಾ ಡೈಲಾಗು ಇವುಗಳನ್ನು ಬಿಡಿ. ಮೊದಲ ಸಾಲಿನಲ್ಲೇ ದನಿ ತುದಿ ಮುಟ್ಟಿದರೆ ಮುಂದೆ ಏರಲು ಜಾಗವೇ ಇರುವುದಿಲ್ಲ. ನಿಮ್ಮ ವಯಸ್ಸಿಗೆ ಹತ್ತಿರದ ಪಾತ್ರವಿರಲಿ. ಆ ಪಾತ್ರಕ್ಕೆ ಎದುರಿನವರಿಂದ ಏನೋ ಬೇಕಾಗಿರಲಿ. ಕಾಕಾನ ಹತ್ತಿರ ಫೀಸಿನ ರೊಕ್ಕ ಕೇಳುವ ಹುಡುಗಿ, ನಡುದಾರಿಯಲ್ಲಿ ಬಸ್ ನಿಲ್ಲಿಸಲು ಕಂಡಕ್ಟರನನ್ನು ಒಲಿಸುವ ಹುಡುಗ — ಇಂಥ ಸಂದರ್ಭದಲ್ಲಿ ನಟನೆ ತಾನಾಗಿ ಚಲಿಸುತ್ತದೆ.

ಭಾಷೆಯ ಬಗ್ಗೆ ಒಂದು ಮಾತು ಒತ್ತಿ ಹೇಳಬೇಕು. ದಿನವಿಡೀ ‘ಏನ್ ಮಾಡ್ಲಕತ್ತೀರಿ’ ಅನ್ನುವವರು ಆಡಿಷನ್ ದಿನ ಬೆಂಗಳೂರಿನ ಕನ್ನಡ ತರಲು ಹೋಗಿ ಮೈ ಬಿಗಿ ಮಾಡಿಕೊಳ್ಳುತ್ತಾರೆ. ನೀವೇ ಆರಿಸಿದ ಮಾತಾದರೆ ಕಲಬುರಗಿ ಮಾತಿನಲ್ಲೇ ಆಡಿ, ಅದು ನಿಮ್ಮ ಬಲ. ಕೊಟ್ಟ ಸ್ಕ್ರಿಪ್ಟು ಗ್ರಾಂಥಿಕವಾಗಿದ್ದರೆ ಮಾತ್ರ ಅದನ್ನು ಇದ್ದ ಹಾಗೇ ಓದಿ. ಶ, ಸ, ಹ ಅಕ್ಷರಗಳು ಮಸುಕಾಗುತ್ತಿದ್ದರೆ ವಾರವಿಡೀ ಪತ್ರಿಕೆಯ ಒಂದು ಕಾಲಂ ಗಟ್ಟಿಯಾಗಿ ಓದಿ.

ವಾಕ್ಯದ ಬಾಲ ನುಂಗಬೇಡಿ

ಕನ್ನಡದಲ್ಲಿ ಹೌದೋ ಅಲ್ಲವೋ ಅನ್ನುವುದು ವಾಕ್ಯದ ಕೊನೆಯಲ್ಲಿ ಕೂತಿರುತ್ತದೆ. ‘ನಾ ಮನಿಗಿ ಹೋಗಂಗಿಲ್ಲ’ ಅನ್ನುವಾಗ ಉಸಿರು ಮುಗಿದು ‘ಹೋಗಂ...’ ಅಂತ ನಿಂತರೆ ಹಿಂದಿನ ಸಾಲಿನವರಿಗೆ ಪಾತ್ರ ಹೋಗುತ್ತದೋ ಇಲ್ಲವೋ ತಿಳಿಯದು. ಹೊಸಬರ ತಪ್ಪುಗಳಲ್ಲಿ ಇದಕ್ಕೇ ಮೊದಲ ಸ್ಥಾನ. ಪರೀಕ್ಷೆ ಸುಲಭ: ಕಾಲೇಜು ಮೈದಾನದಲ್ಲಿ ಗೆಳೆಯನನ್ನು 20 ಹೆಜ್ಜೆ ದೂರ ನಿಲ್ಲಿಸಿ, ಪ್ರತಿ ವಾಕ್ಯದ ಕೊನೆಯ ಪದ ಮಾತ್ರ ಬರೆದುಕೊಳ್ಳಲು ಹೇಳಿ. ಬರೆಯದೆ ಬಿಟ್ಟ ಜಾಗದಲ್ಲಿ, ವಾಕ್ಯಕ್ಕಿಂತ ಮೊದಲು ಉಸಿರು ತೆಗೆದುಕೊಳ್ಳುವುದನ್ನು ಅಭ್ಯಾಸ ಮಾಡಿ. ಡಾ. ಎಸ್.ಎಂ. ಪಂಡಿತ ರಂಗಮಂದಿರದಲ್ಲಿ ನಾಟಕವಿದ್ದಾಗ ಕೊನೆಯ ಸಾಲಿನಲ್ಲಿ ಕೂತು ಕೇಳಿ. ಪಳಗಿದ ನಟರು ವಾಕ್ಯದ ಬಾಲವನ್ನು ಹೇಗೆ ಎತ್ತಿ ಹಿಡಿಯುತ್ತಾರೆ ಅನ್ನುವುದು ಅಲ್ಲಿ ಸ್ಪಷ್ಟವಾಗುತ್ತದೆ.

ಊರ ಜಾತ್ರೆಯ ನಾಟಕದಲ್ಲಿ ಪಾರ್ಟು ಮಾಡಿದವರಿಗೆ ದನಿಯ ಚಿಂತೆ ಇರುವುದಿಲ್ಲ. ಅವರು ಅದೇ ಮಾತನ್ನು ಪಕ್ಕದವನಿಗಷ್ಟೇ ಹೇಳಿದಂತೆ ಹೇಳಲು ಕಲಿಯಬೇಕು.

ಎರಡನೇ ಸಲ

ಮೊದಲ ಸಲ ಮುಗಿಸಿದ ಮೇಲೆ ನಿರ್ದೇಶಕರು, ‘ಈಗ ಇದನ್ನೇ ನಿಮ್ಮ ಅವ್ವಗ ಹೇಳಿದಂಗ ಹೇಳು’ ಅಂದರೆ ಹಲವರ ಮುಖ ಬಾಡುತ್ತದೆ, ತಪ್ಪಾಯಿತೆಂದು ತಿಳಿಯುತ್ತಾರೆ. ನಿಜವಾದ ಆಡಿಷನ್ ಶುರುವಾಗುವುದೇ ಅಲ್ಲಿ. ಹಿಂದಿನ ರೀತಿಯನ್ನೇ ಸ್ವಲ್ಪ ಮೆತ್ತಗೆ ಮಾಡಿ ಒಪ್ಪಿಸಿದರೆ ಅವಕಾಶ ಕೈತಪ್ಪುತ್ತದೆ.

ಮನೆಯಲ್ಲಿ ಹೀಗೆ ಪಳಗಿ. ‘ರೊಕ್ಕ ಮನ್ಯಾಗ ಇತ್ತು. ಈಗ ಇಲ್ಲ.’ ಈ ಎರಡು ವಾಕ್ಯಗಳನ್ನು ಕದ್ದವನ ಎದುರು ನಿಂತು ಹೇಳಿ: ಕಣ್ಣು ಅವನ ಮೇಲೆಯೇ, ನಡುವೆ ಎರಡು ಎಣಿಕೆಯ ಮೌನ. ಆಮೇಲೆ ಅಪ್ಪನಿಗೆ ಹೇಳಿ: ಈ ಸಲ ಕದ್ದವರು ನೀವೇ ಅಂತ ಇಟ್ಟುಕೊಳ್ಳಿ, ಮಾತು ಬೇಗ ಮುಗಿಯಬೇಕು, ಕೈಗೆ ಏನಾದರೂ ಕೆಲಸ ಬೇಕು. ಇನ್ನೊಮ್ಮೆ ಗೆಳತಿಯ ಕಿವಿಯಲ್ಲಿ, ನಗು ತಡೆಯುತ್ತ. ಪದ ಒಂದೂ ಬದಲಾಗಿಲ್ಲ. ಯಾರಿಗೆ, ಯಾಕೆ ಅನ್ನುವುದು ಬದಲಾದ ಕೂಡಲೇ ಮೈ, ವೇಗ, ಮೌನ ಮೂರೂ ಬದಲಾದವು. ನಿಮ್ಮ ಮಾತನ್ನು ಇಂಥ ನಾಲ್ಕೈದು ಬಗೆಯಲ್ಲಿ ಆಡಿಟ್ಟುಕೊಳ್ಳಿ. ಕನ್ನಡಿ ಮುಂದೆ ಬೇಡ. ಮುಖಭಾವ ಅಲ್ಲೇ ಗಟ್ಟಿಯಾಗಿ, ಆಮೇಲೆ ಬದಲಾಗಲು ಒಪ್ಪುವುದಿಲ್ಲ.

ಹಾಳೆ ಕೊಟ್ಟು ಓದಿಸಿದಾಗ

ಹಾಳೆಯನ್ನು ಒಂದೇ ಕೈಯಲ್ಲಿ, ಎದೆಯ ಮಟ್ಟಕ್ಕೆ ಹಿಡಿಯಿರಿ. ಹೆಬ್ಬೆರಳು ಓದುವ ಸಾಲಿನ ಪಕ್ಕದಲ್ಲಿರಲಿ, ಕಣ್ಣೆತ್ತಿದರೂ ಜಾಗ ತಪ್ಪುವುದಿಲ್ಲ. ನಾಲ್ಕೈದು ಪದ ಕಣ್ಣಿನಲ್ಲಿ ತುಂಬಿಕೊಂಡು ತಲೆ ಎತ್ತಿ ಜೊತೆಗಾರನಿಗೆ ಹೇಳಿ. ಅವನು ಮಾತಾಡುವಾಗ ನಿಮ್ಮ ಮುಂದಿನ ಸಾಲು ಹುಡುಕುತ್ತ ಕೂರಬೇಡಿ. ನೀವು ಕೇಳಿಸಿಕೊಳ್ಳುತ್ತೀರಾ ಅನ್ನುವುದಕ್ಕೂ ಅಂಕವಿದೆ.

ಹಾಡು ಕೇಳಿದರೆ ಜನಪದದ ಎರಡು ಸಾಲು ಸಾಕು. ನಿಮ್ಮ ಶ್ರುತಿಯಲ್ಲಿ, ತಾಳ ಬಿಡದೆ.

ಆ ದಿನ

ಊಟ ಎರಡು ತಾಸು ಮೊದಲೇ ಮುಗಿಯಲಿ. ಸರದಿ ಕಾಯುತ್ತ ಮಿರ್ಚಿ ಭಜಿ ತಿಂದರೆ ಖಾರಕ್ಕೆ ಕೆಮ್ಮು ಬಂದು ಮೊದಲ ಸಾಲೇ ಕೆಡುತ್ತದೆ. ನಮ್ಮ ಬಿಸಿಲಿಗೂ ಅಂಜಿಕೆಗೂ ಬಾಯಿ ಒಣಗುತ್ತದೆ, ಸಾದಾ ನೀರಿನ ಬಾಟಲಿ ಜೊತೆಗಿರಲಿ. ಒಂದೇ ಬಣ್ಣದ ಸಡಿಲ ಬಟ್ಟೆ, ಬರಿಗಾಲು. ಸದ್ದು ಮಾಡುವ ಬಳೆ, ಗೆಜ್ಜೆ ತೆಗೆದಿಡಿ. ಹೆಸರು, ತರಗತಿ ಹೇಳಿ ಒಂದು ಉಸಿರು ನಿಂತು ಆರಂಭಿಸಿ. ಮಾತನ್ನು ಆಯ್ಕೆದಾರರ ಕಣ್ಣಿಗೆ ನಾಟಿಸಿ ಆಡಬೇಡಿ, ಅವರು ಬರೆದುಕೊಳ್ಳಬೇಕಾಗಿರುತ್ತದೆ. ಅವರ ತಲೆಯ ಮೇಲೆ, ಹಿಂಗೋಡೆಯಲ್ಲಿ ಒಂದು ಬಿಂದು ಗುರುತು ಮಾಡಿಕೊಳ್ಳಿ. ಮಾತು ಮರೆತರೆ ‘ಸಾರಿ’ ಅನ್ನದೆ ಪಾತ್ರದಲ್ಲೇ ನಿಂತು ಹಿಂದಿನ ಸಾಲು ಹಿಡಿಯಿರಿ.

ಫಾರ್ಮಿನಲ್ಲಿ ಸಮಯದ ವಿಷಯ ಸುಳ್ಳು ಬರೆಯಬೇಡಿ. ತಾಲೀಮು ಸಾಮಾನ್ಯವಾಗಿ ತರಗತಿ ಮುಗಿದ ಮೇಲೆ, ಸಂಜೆ. ಆಳಂದ, ಅಫಜಲಪುರ, ಚಿತ್ತಾಪುರದ ಕಡೆಯಿಂದ ಬಂದು ಹೋಗುವವರು ಕೊನೆಯ ಬಸ್ಸಿನ ಹೊತ್ತು ಬರೆಯಿರಿ, ಮನೆಯವರನ್ನು ಮೊದಲೇ ಕೇಳಿರಿ. ನಿಮ್ಮ ದೃಶ್ಯಗಳನ್ನು ಮೊದಲಿಗೆ ಹಾಕಿಕೊಂಡು ಕಳಿಸಲು ನಿರ್ದೇಶಕರಿಗೆ ಬರುತ್ತದೆ. ಎರಡು ವಾರದ ಮೇಲೆ ಪಾತ್ರ ಬಿಟ್ಟು ಹೋದರೆ ಮಾತ್ರ ಉಳಿದ ಎಂಟೂ ಮಂದಿಯ ಚಲನೆ ಹೊಸದಾಗಿ ಕಟ್ಟಬೇಕು.

ಪಟ್ಟಿಯಲ್ಲಿ ಹೆಸರಿದ್ದರೆ ಮೊದಲ ತಾಲೀಮಿಗೆ ಪೆನ್ಸಿಲ್ ಒಯ್ಯಿರಿ. ಎಲ್ಲಿ ನಿಲ್ಲಬೇಕು, ಯಾವ ಕಡೆ ಹೋಗಬೇಕು ಅನ್ನುವುದು ದಿನಾ ಬದಲಾಗುತ್ತದೆ, ಪೆನ್ನಿನಲ್ಲಿ ಬರೆದರೆ ವಾರದಲ್ಲಿ ಹಾಳೆ ಓದಲು ಬಾರದು. ಹೆಸರಿಲ್ಲದಿದ್ದರೆ ಆ ಮೂವರು ಸಹಾಯಕರಲ್ಲಿ ಜಾಗ ಖಾಲಿ ಇದೆಯೇ ಎಂದು ಅದೇ ದಿನ ಕೇಳಿ.