ನಿನ್ನ ನಾಮ, ನಿಮ್ಮ ನಾಮ: ಸಭೆಗಳನ್ನು ಒಂದೆಡೆ ಕೂಡಿಸಿದ ನನ್ನ ಅನುಭವ

ಕ್ರೈಸ್ತರ ಬೇರೆ ಬೇರೆ ಸಭೆಗಳವರನ್ನು, ಅಂದರೆ ಪಂಗಡಗಳವರನ್ನು, ಒಟ್ಟಿಗೆ ಪ್ರಾರ್ಥನೆಗೆ ಕೂರಿಸಲು ಹೊರಟ ಮೊದಲ ವರ್ಷ ನಾವು ಎಡವಿದ್ದು ಯೇಸು ಕಲಿಸಿದ ಕರ್ತನ ಪ್ರಾರ್ಥನೆಯಲ್ಲೇ.

ಜನವರಿ 18ರ ಸಂಜೆ, ಸಂಕ್ರಾಂತಿ ಕಳೆದು ಮೂರ್ನಾಲ್ಕು ದಿನ. ಮೈಸೂರಿನ ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಚರ್ಚಿನ ಹಾಲಿನಲ್ಲಿ ಅರವತ್ತು ಜನ ಸೇರಿದ್ದರು. ಅರ್ಧದಷ್ಟು ನಮ್ಮವರು. ಉಳಿದವರಲ್ಲಿ ಹೆಚ್ಚಿನವರು ಎರಡು ಬೀದಿ ಆಚೆಯ ಕಥೋಲಿಕ ಧರ್ಮಕೇಂದ್ರದವರು, ಹಿಂದಿನ ಸಾಲಿನಲ್ಲಿ ಪೆಂತೆಕೋಸ್ತ್ ಸಭೆಯ ಎಂಟ್ಹತ್ತು ಮಂದಿ. ಎಲ್ಲರಿಗೂ ಬಾಯಿಪಾಠ ಬರುವ ಪ್ರಾರ್ಥನೆ ಅದು ಎಂದು ನಾನೇ ಅದನ್ನು ಮೊದಲಿಗೆ ಇಟ್ಟಿದ್ದೆ. ‘ನಮ್ಮ ತಂದೆಯೇ’ ಎನ್ನುವವರೆಗೆ ಒಂದೇ ದನಿ. ಆಮೇಲೆ ನಾವು ‘ನಿನ್ನ ನಾಮವು ಪರಿಶುದ್ಧವೆಂದು ಎಣಿಸಲ್ಪಡಲಿ’ ಎಂದೆವು, ಕಥೋಲಿಕರು ‘ನಿಮ್ಮ ನಾಮ ಪೂಜಿತವಾಗಲಿ’ ಎಂದರು. ಅಲ್ಲಿಂದ ಒಬ್ಬರ ಮಾತು ಇನ್ನೊಬ್ಬರ ಮಾತಿನ ಮೇಲೆ ಬಿದ್ದು, ಎಲ್ಲರ ದನಿಯೂ ಇಳಿಯುತ್ತಾ ಹೋಯಿತು. ಕೊನೆಯಲ್ಲಿ ಅವರು ಆಮೆನ್ ಹೇಳಿ, ಶಿಲುಬೆ ಗುರುತು ಹಾಕಿಕೊಂಡು ಕೂತರು. ನಾವು ನಿಂತೇ ‘ರಾಜ್ಯವೂ ಬಲವೂ ಮಹಿಮೆಯೂ ಎಂದೆಂದಿಗೂ ನಿನ್ನವೇ’ ಎಂದು ಮುಂದುವರಿದೆವು. ಅರ್ಧ ಹಾಲು ಕೂತಿತ್ತು, ಅರ್ಧ ನಿಂತಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈ ಕೆಲಸಕ್ಕೆ ನಾನು ಇಳಿದದ್ದು ನನ್ನ ತಂಗಿಯ ಕಾರಣಕ್ಕೆ. ಅವಳು ಮೆಚ್ಚಿದ ಹುಡುಗ ಕಥೋಲಿಕ. ಮದುವೆ ಅವರ ದೇವಾಲಯದಲ್ಲಿ ನಡೆದಾಗ ನಮ್ಮಪ್ಪ ಒಳಗೆ ಬರಲಿಲ್ಲ. ಬಲಿಪೂಜೆ (ಮಾಸ್) ಮುಗಿಯುವವರೆಗೆ ಕಾಂಪೌಂಡಿನ ಕಟ್ಟೆಯ ಮೇಲೆ ಕೂತಿದ್ದರು. ಅದೇ ಮದುವೆಗೆ ಮುಂಚೆ ನಡೆದ ಇನ್ನೊಂದು ಸಂಗತಿಯನ್ನು ಅಪ್ಪ ಕಡೆಯವರೆಗೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆ ದೇವಾಲಯದ ಸ್ವಾಮಿಗಳು ತಂಗಿಯ ದೀಕ್ಷಾಸ್ನಾನದ (ಬ್ಯಾಪ್ಟಿಸಮ್) ದಾಖಲೆ ಕೇಳಿದರು. ನಮ್ಮ ಚರ್ಚಿನ ಬೀರುವಿನಿಂದ ಹಳೆಯ ರಿಜಿಸ್ಟರ್ ತೆಗೆಸಿ, ನುಸಿ ತಿಂದ ಅಂಚಿನ ಪುಟ ಹುಡುಕಿ, ನಮ್ಮ ಪಾಲಕರಾದ ಅಯ್ಯನವರ ಸಹಿ ಹಾಕಿಸಿ ನಾನೇ ಒಯ್ದುಕೊಟ್ಟೆ. ಅವರು ಓದಿ, ‘ನೀರಿನಿಂದ, ತಂದೆಯ, ಮಗನ, ಪವಿತ್ರಾತ್ಮರ ಹೆಸರಲ್ಲಿ ಆಗಿದೆಯಲ್ಲ, ಇಷ್ಟು ಸಾಕಮ್ಮ. ಇನ್ನೊಂದು ಸಲ ಬೇಕಿಲ್ಲ’ ಎಂದರು. ನಮ್ಮ ಸಿಮೆಂಟಿನ ತೊಟ್ಟಿಯ ನೀರಿನಿಂದ ಅವಳಿಗೆ ಆದದ್ದನ್ನು ಅವರು ಪೂರ್ಣ ದೀಕ್ಷಾಸ್ನಾನವೆಂದೇ ಒಪ್ಪಿದ್ದರು. ಒಳಗೆ ಅಷ್ಟು ದೊಡ್ಡ ಒಪ್ಪಿಗೆ ಇರುವಾಗ ಅಪ್ಪ ಹೊರಗೆ ಕಟ್ಟೆಯ ಮೇಲೆ ಕೂತಿದ್ದು ನನ್ನನ್ನು ಇವತ್ತಿಗೂ ನೋಯಿಸುತ್ತದೆ.

ಜನವರಿ 18ರಿಂದ 25ರವರೆಗೆ ಕ್ರೈಸ್ತರ ಐಕ್ಯಕ್ಕಾಗಿ ಪ್ರಾರ್ಥಿಸುವ ವಾರ ಎಂಬುದು 1908ರಲ್ಲೇ ಶುರುವಾದದ್ದು. ಮೈಸೂರಲ್ಲಿ ಹುಟ್ಟಿ ಬೆಳೆದ ನಾನು ಅದನ್ನು ಕೇಳಿದ್ದು ನಿವೃತ್ತಿಯಾದ ಮೇಲೆ. ಕೇಳಿದ ಕೂಡಲೇ ನಮ್ಮ ಬೀದಿಯಲ್ಲೂ ಮಾಡಬೇಕು ಅನ್ನಿಸಿತು. ಮಾಡಿದ್ದರ ಫಲ ಮೇಲೆ ಹೇಳಿದೆ.

ಮಾರನೆಯ ದಿನ ತಂಗಿಯ ಅತ್ತೆಯನ್ನು ನೋಡಲು ಹೋದೆ. ಎಂಬತ್ತು ದಾಟಿದ ಅಜ್ಜಿ, ಕೈಯಲ್ಲಿ ಸದಾ ಜಪಸರ. ‘ದೇವರನ್ನ ನೀನು ಅನ್ನೋಕೆ ನನ್ನ ನಾಲಿಗೆ ಹೊರಳಲ್ಲ ಕಣವ್ವ. ದೊಡ್ಡವರಲ್ವಾ?’ ಎಂದರು. ‘ನಮ್ಮಲ್ಲಿ ಅವ್ವನ್ನ ನೀನು ಅಂತೀವಲ್ಲಮ್ಮ, ಹಂಗೆ’ ಎಂದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅದೂ ಸರಿನೇ’ ಎಂದರು. ನಮ್ಮ ‘ನಿನ್ನ’ದಲ್ಲಿ ಸಲಿಗೆಯಿದೆ, ಅವರ ‘ನಿಮ್ಮ’ದಲ್ಲಿ ಭಯಭಕ್ತಿಯಿದೆ. ಕನ್ನಡದಲ್ಲಿ ಎರಡಕ್ಕೂ ಜಾಗವಿದೆ ಎಂಬುದು ಆ ಜಗಲಿಯ ಮೇಲೆ ನನಗೆ ಗೊತ್ತಾಯಿತು. ‘ರಾಜ್ಯವೂ ಬಲವೂ’ ಎಂಬ ಸಾಲಿನ ವಿಷಯವನ್ನು ಸ್ವಾಮಿಗಳು ಬಿಡಿಸಿ ಹೇಳಿದರು. ಮತ್ತಾಯನ ಸುವಾರ್ತೆಯ ತೀರಾ ಹಳೆಯ ಪ್ರತಿಗಳಲ್ಲಿ ಆ ಸಾಲು ಇಲ್ಲ. ಆದರೂ ಅವರ ಪೂಜೆಯಲ್ಲಿ, ಗುರುಗಳು ಮಾಡುವ ಒಂದು ಸಣ್ಣ ಪ್ರಾರ್ಥನೆಯಾದ ಮೇಲೆ, ಜನರೆಲ್ಲ ಅದೇ ಅರ್ಥದ ಮಾತು ಹೇಳುತ್ತಾರಂತೆ. ಎರಡು ಬೀದಿ ಅಂತರದಲ್ಲಿ ಇಷ್ಟು ವರ್ಷ ಇದ್ದೂ ನಮಗೆ ಗೊತ್ತಿರಲಿಲ್ಲ.

ಎರಡನೆಯ ವರ್ಷ ಇನ್ನೂ ಕೆಟ್ಟಿತು. ಹೊರಗಿನಿಂದ ಕರೆಸಿದ ಒಬ್ಬ ಪ್ರಸಂಗಿ, ಮಕ್ಕಳಿಗೆ ಕೊಡುವ ದೀಕ್ಷಾಸ್ನಾನ ಸ್ನಾನವೇ ಅಲ್ಲ, ಮುಳುಗಿ ಏಳದವನಿಗೆ ರಕ್ಷಣೆಯಿಲ್ಲ ಎಂದು ಮುಕ್ಕಾಲು ಗಂಟೆ ಸಾರಿದರು. ಕಥೋಲಿಕರು ಒಬ್ಬೊಬ್ಬರಾಗಿ ಚಪ್ಪಲಿ ಹಾಕಿಕೊಂಡು ಹೊರಟರು. ನಮ್ಮವರೂ ಹೊರಟರು. ವೇದಿಕೆಯ ಮೇಲೆ ಯಾರು ಏನು ಮಾತಾಡಬೇಕು ಎಂದು ಮೊದಲೇ ಕೂತು ಗೊತ್ತುಮಾಡಿಕೊಳ್ಳದ ತಪ್ಪು ನನ್ನದು. ಆ ಫೆಬ್ರುವರಿ ಇಡೀ ಮನೆಮನೆಗೆ ಹೋಗಿ ಕ್ಷಮೆ ಕೇಳಿದೆ. ಹದಿನೇಳು ಮನೆ. ಎರಡು ಮನೆಯಲ್ಲಿ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿ ಕಳಿಸಿದರು. ಉಳಿದವರು ಒಳಗೆ ಕರೆದು ಕಾಫಿ ಕೊಟ್ಟರು.

ಆಗ ನನ್ನ ಕೈಹಿಡಿದದ್ದು ನಮ್ಮಜ್ಜ ಹೇಳುತ್ತಿದ್ದ ಮಾತು. ಅವರು ಮೆಥೊಡಿಸ್ಟರ ವೆಸ್ಲಿಯನ್ ಮಿಷನ್ನಿನ ಉಪದೇಶಿ. 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲಿನಲ್ಲಿ ಸಿಎಸ್‌ಐ ಹುಟ್ಟಿದಾಗ ಅಜ್ಜ ಮೆಥೊಡಿಸ್ಟರಾಗಿ ಮಲಗಿ ಸಿಎಸ್‌ಐಯವರಾಗಿ ಎದ್ದವರು. ಆಂಗ್ಲಿಕನ್ನರು, ಮೆಥೊಡಿಸ್ಟರು, ಅದಾಗಲೇ ಒಂದಾಗಿದ್ದ ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಸಭೆಗಳವರು ಸೇರಿದ ಆ ದಿನಕ್ಕೆ ತರಂಗಂಬಾಡಿಯಲ್ಲಿ 1919ರಲ್ಲಿ ಮಾತು ಶುರುವಾಗಿತ್ತು. ಅಲ್ಲಿಗೆ 28 ವರ್ಷ. ಬಿಷಪ್ಪರು ಬೇಕೇ ಬೇಕು ಎನ್ನುವವರೂ ಬೇಡವೇ ಬೇಡ ಎನ್ನುವವರೂ ಒಂದೇ ಮೇಜಿನ ಸುತ್ತ ಕೂತು ಕಡೆಗೆ ಒಂದು ದಾರಿ ಕಂಡುಕೊಂಡರು. ಮುಂದೆ ಅಯ್ಯನವರಾಗುವ ಎಲ್ಲರಿಗೂ ಬಿಷಪ್ಪರಿಂದಲೇ ದೀಕ್ಷೆ. ಆದರೆ ಆಗಲೇ ಅಯ್ಯನವರಾಗಿರುವ ಯಾರಿಗೂ ಹೊಸದಾಗಿ ದೀಕ್ಷೆ ಕೊಡುವುದಿಲ್ಲ. ಅದರ ಜೊತೆಗೆ ಒಂದು ವಾಗ್ದಾನ: ಯಾವ ಸಭೆಗೂ ಅದರ ಮನಸ್ಸಾಕ್ಷಿ ಒಪ್ಪದ ಆರಾಧನಾ ಕ್ರಮವನ್ನಾಗಲಿ ಪಾಲಕರನ್ನಾಗಲಿ ಹೇರುವುದಿಲ್ಲ. ಮೈಸೂರಿನ ಬಸ್ ಸ್ಟ್ಯಾಂಡ್ ಹತ್ತಿರದ ಸಂತ ಬಾರ್ತೊಲೊಮಾಯರ ಚರ್ಚು ಆಂಗ್ಲಿಕನ್ನರದ್ದು, ವೆಸ್ಲಿ ಕೆಥೆಡ್ರಲ್ ಮೆಥೊಡಿಸ್ಟರದ್ದು. ಇವತ್ತು ಎರಡೂ ಒಂದೇ ಮನೆ ಎನ್ನುವುದು ನಮ್ಮ ಮಕ್ಕಳಿಗೆ ವಿಶೇಷವಾಗಿಯೇ ಕಾಣುವುದಿಲ್ಲ.

ಆ ವಾಗ್ದಾನವನ್ನೇ ನಮ್ಮ ಬೀದಿಯ ಅಳತೆಗೆ ಇಳಿಸಿ ಒಂದು ಹಾಳೆಯಲ್ಲಿ ಬರೆದೆ. ಯಾರ ಅಂಗಳದಲ್ಲಿ ಸೇರುತ್ತೇವೋ ಅವರ ಮಾತಿನಲ್ಲೇ ಕರ್ತನ ಪ್ರಾರ್ಥನೆ. ಉಳಿದವರು ಹಾಳೆ ನೋಡಿಕೊಂಡು ಓದುವುದು. ಪ್ರಸಂಗ ಬೇಡ, ಒಂದೇ ಸುವಾರ್ತೆಯ ಭಾಗವನ್ನು ಮೂರು ಸಭೆಯವರು ಓದಿ ಮೌನವಾಗಿ ಕೂರುವುದು. ಇನ್ನೊಬ್ಬರ ದೀಕ್ಷಾಸ್ನಾನದ ಬಗ್ಗೆ, ಮಾತೆ ಮರಿಯಮ್ಮನವರ ಬಗ್ಗೆ, ಪವಿತ್ರಾತ್ಮ ತುಂಬಿ ಆಡುವ ಅನ್ಯಭಾಷೆಯ ಬಗ್ಗೆ ಆ ವಾರ ಯಾರೂ ಬಾಯಿ ತೆರೆಯುವುದಿಲ್ಲ. ಪೆಂತೆಕೋಸ್ತ್ ಪಾಸ್ಟರ್ ಓದಿ, ‘ಟೀಚರ್, ಮೌನ ಅಂದ್ರೆ ನಮ್ಮವರಿಗೆ ಕಷ್ಟ. ಐದು ನಿಮಿಷ ಸ್ತೋತ್ರ ಮಾಡೋಕೆ ಬಿಡಿ’ ಎಂದು ಕೇಳಿದರು. ಅದನ್ನೂ ಸೇರಿಸಿದೆ. ಮೂರನೆಯ ವರ್ಷ ನಲವತ್ತೇ ಜನ ಬಂದರು, ಯಾರೂ ಮಧ್ಯದಲ್ಲಿ ಎದ್ದು ಹೋಗಲಿಲ್ಲ.

ಆಮೇಲೆ ಬೇರೆ ಕೆಲಸಗಳು ತಾವಾಗಿ ಕೂಡಿಕೊಂಡವು. ಮಾರ್ಚಿನ ಮೊದಲ ಶುಕ್ರವಾರದ ವಿಶ್ವ ಪ್ರಾರ್ಥನಾ ದಿನಕ್ಕೆ ಮೂರೂ ಕಡೆಯ ಹೆಂಗಸರು ಒಟ್ಟಿಗೆ ಬರುತ್ತಾರೆ. ಮಿಷನ್ ಆಸ್ಪತ್ರೆಯಲ್ಲಿ ನಮ್ಮ ಬೀದಿಯವರು ಯಾರೇ ಮಲಗಿದ್ದರೂ ಯಾವ ಸಭೆ ಎಂದು ಕೇಳದೆ ಸರದಿಯ ಮೇಲೆ ಗಂಜಿ ಒಯ್ಯುತ್ತೇವೆ.

ಐಕ್ಯ ಆಗುತ್ತದೆಯೇ ಎಂದು ಜನ ಕೇಳುತ್ತಾರೆ. 1947ರ ಹಾಗೆ ಒಂದೇ ಆಡಳಿತದ ಸಭೆ ಕಥೋಲಿಕರ ಜೊತೆ ನನ್ನ ಜೀವಮಾನದಲ್ಲಿ ಆಗುವುದಿಲ್ಲ ಎಂದೇ ನನಗನ್ನಿಸುತ್ತದೆ. ಪೋಪರ ಅಧಿಕಾರ, ಗುರುದೀಕ್ಷೆ, ಪೂಜೆಯಲ್ಲಿ ಕೊಡುವ ಪರಮಪ್ರಸಾದ, ಇವು ಕಾಫಿ ಕುಡಿದು ಬಗೆಹರಿಯುವ ಮಾತಲ್ಲ. ಹಾಗಂತ ಏನೂ ಕದಲಿಲ್ಲ ಎನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಲೂಥರನ ಕಾಲದಿಂದ ಸಭೆಯನ್ನು ಒಡೆದಿದ್ದ ಪ್ರಶ್ನೆ, ದೇವರ ಮುಂದೆ ಮನುಷ್ಯ ನೀತಿವಂತನಾಗುವುದು ಹೇಗೆ ಎಂಬುದು. ಅದರ ಮೇಲೆ ಕಥೋಲಿಕರೂ ಲೂಥರನ್ನರೂ 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಒಂದೇ ಕಾಗದಕ್ಕೆ ಸಹಿ ಹಾಕಿದರು. 2006ರಲ್ಲಿ ಮೆಥೊಡಿಸ್ಟರೂ ಅದಕ್ಕೆ ಸೇರಿದರು. ಅಜ್ಜ ಇದ್ದಿದ್ದರೆ ಈ ಸುದ್ದಿಯನ್ನು ಎರಡು ಸಲ ಓದಿಸಿಕೊಳ್ಳುತ್ತಿದ್ದರು.

ನೋವು ಉಳಿದಿರುವುದು ಪ್ರಭುವಿನ ಮೇಜಿನ ಹತ್ತಿರ. ತಂಗಿಯ ಮೊಮ್ಮಗ ಮೊದಲ ಪರಮಪ್ರಸಾದ ತೆಗೆದುಕೊಂಡ ಭಾನುವಾರ ಬೆಂಚಿನ ಸಾಲು ಸಾಲೇ ಎದ್ದು ಹೋಯಿತು. ನಾನೊಬ್ಬಳೇ ಕಾಲು ಸರಿಸಿ ದಾರಿ ಬಿಟ್ಟು ಕೂತೆ. ಬೇರೆ ಸಭೆಯವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ ಎಂಬ ಅವರ ನಿಯಮ ನನಗೆ ಗೊತ್ತು, ಅದನ್ನು ಮೀರುವ ಮನಸ್ಸೂ ನನಗಿಲ್ಲ. ನಮ್ಮ ಪರಿಶುದ್ಧ ಭೋಜನಕ್ಕೆ ಬೇರೆ ಸಭೆಯವರನ್ನೂ ನಾವು ಕರೆಯುತ್ತೇವೆ, ಆದರೆ ತಂಗಿಯ ಗಂಡ ಬರುವ ಹಾಗಿಲ್ಲ. ಆ ಮಗು ರೊಟ್ಟಿ ತೆಗೆದುಕೊಂಡು ಕೈಮುಗಿದು ವಾಪಸು ಬಂದು ನನ್ನ ಪಕ್ಕ ಕೂತು, ‘ದೊಡ್ಡಜ್ಜಿ, ನೀವ್ಯಾಕೆ ಬರಲಿಲ್ಲ?’ ಎಂದು ಕಿವಿಯಲ್ಲಿ ಕೇಳಿತು. ‘ದೊಡ್ಡವರು ಇನ್ನೂ ಮಾತಾಡ್ತಾ ಇದ್ದಾರೆ ಮಗಾ’ ಎಂದೆ. ಅದು ನಿಜವೇ ಆಗಿತ್ತು.

ಹೋದ ಜನವರಿಯಲ್ಲಿ ಮತ್ತೆ ನಮ್ಮ ಹಾಲಿನಲ್ಲಿ ಸೇರಿದ್ದೆವು. ಅಜ್ಜಿಯನ್ನು ಕುರ್ಚಿಯಲ್ಲಿ ಎತ್ತಿಕೊಂಡು ಬಂದಿದ್ದರು. ಕರ್ತನ ಪ್ರಾರ್ಥನೆಗೆ ಅಳಿಯನ ತೋಳು ಹಿಡಿದು ಎದ್ದು ನಿಂತರು. ಹಾಳೆ ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ‘ನಿಮ್ಮ’ ಎಂದೇ ಹೇಳಿದರು. ‘ರಾಜ್ಯವೂ ಬಲವೂ’ ಬಂದಾಗ ಅವರ ಕಡೆಯವರು ಯಾರೂ ಕೂರಲಿಲ್ಲ. ಈ ಸಲ ಅವರ ಧರ್ಮಕೇಂದ್ರದ ಸರದಿ. ಹಾಳೆಯಲ್ಲಿ ಅವರ ಪ್ರಾರ್ಥನೆ ಹಾಕಿಸಿ, ಅಜ್ಜಿಯಂಥವರಿಗೆಂದು ಅಕ್ಷರ ದಪ್ಪ ಮಾಡಿಸಿ, ಎಂಬತ್ತು ಪ್ರತಿ ಜೆರಾಕ್ಸಿಗೆ ಕೊಟ್ಟು ಬಂದಿದ್ದೇನೆ.