ಕ್ಲಸ್ಟರ್ ಡ್ಯಾಶ್‌ಬೋರ್ಡ್‌ಗೆ ತಲೆಗೊಂದು ಟೋಕನ್: ನನ್ನ ಅನುಭವ

ಸಣ್ಣ ತಂಡಗಳಲ್ಲಿ ಒಂದು ಅಭ್ಯಾಸ ಜಾಸ್ತಿ ಕಾಣುತ್ತದೆ. ಒಂದೇ ಅಡ್ಮಿನ್ ಟೋಕನ್ (ಪಾಸ್‌ವರ್ಡ್ ಬದಲಿಗೆ ಹಾಕುವ ಉದ್ದನೆಯ ಅಕ್ಷರಸಾಲು) ವಾಟ್ಸಾಪ್ ಗ್ರೂಪಿನಲ್ಲಿ ಬಿದ್ದಿರುತ್ತದೆ, ಎಲ್ಲರೂ ಅದನ್ನೇ ಕಾಪಿ ಮಾಡಿ ಕುಬರ್ನೆಟಿಸ್ (ಕಂಪ್ಯೂಟರುಗಳ ಗುಂಪಿನ, ಅಂದರೆ ಕ್ಲಸ್ಟರಿನ, ಮೇಲೆ ಆಪ್ ಓಡಿಸುವ ವ್ಯವಸ್ಥೆ) ಡ್ಯಾಶ್‌ಬೋರ್ಡ್‌ಗೆ ಲಾಗಿನ್ ಆಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ತಲೆಗೊಂದು ಟೋಕನ್ ಕೊಡಿ. ಅದಕ್ಕೆ ಅವರ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಇರಲಿ, ಸಂಜೆಗೆ ಅವಧಿ ಮುಗಿಯಲಿ. ಹಾಸನದ ನಮ್ಮ ಆಫೀಸಿನಲ್ಲಿ ಇದನ್ನು ಹೇಗೆ ಮಾಡಿಕೊಂಡೆವು ಅಂತ ಬರೆಯುತ್ತೇನೆ.

ನಾವು ಕಾಫಿ ತೋಟಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡುತ್ತೇವೆ. ಕೊಯ್ದ ಹಣ್ಣಿನ ತೂಕ, ಪಾರ್ಚ್‌ಮೆಂಟ್ ಮತ್ತು ಚೆರ್ರಿ ಲಾಟ್‌ಗಳು, ಕೂಲಿ ಬಟವಾಡೆ ಎಲ್ಲ ಅದರಲ್ಲಿದೆ. ಆಫೀಸಿನಲ್ಲಿ ಕೆ3ಎಸ್ (ಕುಬರ್ನೆಟಿಸ್‌ನ ಹಗುರ ರೂಪ) ಕ್ಲಸ್ಟರ್ ಇದೆ. ಮೂಡಿಗೆರೆ ಕಡೆಯ ಒಂದು ತೋಟದಲ್ಲಿ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಮೇಲೆ ಇನ್ನೊಂದು ಸಣ್ಣ ಕ್ಲಸ್ಟರ್ ಇದೆ. ಎರಡನ್ನೂ ನೋಡಿಕೊಳ್ಳಲು ಹೆಡ್‌ಲ್ಯಾಂಪ್ ಎಂಬ ಡ್ಯಾಶ್‌ಬೋರ್ಡ್ ಬಳಸುತ್ತೇವೆ. ಕೊಯ್ಲಿನ ಕಾಲದಲ್ಲಿ ಸಪೋರ್ಟ್ ಹುಡುಗರಿಗೆ ಬೇಕಾಗುವುದು ಎರಡೇ ಕೆಲಸ: ಲಾಗ್ ನೋಡುವುದು, ಸಿಕ್ಕಿಹಾಕಿಕೊಂಡ ಆಪ್ ರೀಸ್ಟಾರ್ಟ್ ಮಾಡುವುದು. ಇಷ್ಟಕ್ಕೆ ಇಡೀ ಕ್ಲಸ್ಟರಿನ ಬೀಗದ ಕೈ ಯಾಕೆ ಕೊಡಬೇಕು?

ಟೋಕನ್ ಅಂದರೆ ಬಸ್ ಟಿಕೆಟ್ ಇದ್ದ ಹಾಗೆ, ಯಾರ ಕೈಯಲ್ಲಿದೆಯೋ ಅವರದೇ ಪ್ರಯಾಣ. ತಂದವರು ಯಾರು ಅಂತ ಸರ್ವರ್ ಕೇಳುವುದಿಲ್ಲ. ಅದಕ್ಕೇ ಡ್ಯಾಶ್‌ಬೋರ್ಡ್ ಅನ್ನು ನೇರವಾಗಿ ಇಂಟರ್ನೆಟ್ಟಿಗೆ ತೆರೆದಿಡಬಾರದು. ಟೆಸ್ಲಾ ಕಂಪನಿಯ ಕುಬರ್ನೆಟಿಸ್ ಕನ್ಸೋಲ್ ಪಾಸ್‌ವರ್ಡ್ ಕೂಡ ಇಲ್ಲದೆ ಹೊರಗೆ ಸಿಗುತ್ತಿತ್ತು, ಅದರೊಳಗೆ ನುಗ್ಗಿದವರು ಕ್ರಿಪ್ಟೋ ಮೈನಿಂಗ್ ನಡೆಸಿದ್ದರು ಅಂತ 2018ರ ಫೆಬ್ರವರಿಯಲ್ಲಿ ರೆಡ್‌ಲಾಕ್ ಸಂಸ್ಥೆ ಬಯಲು ಮಾಡಿತ್ತು. ನಮ್ಮ ಹೆಡ್‌ಲ್ಯಾಂಪ್ ಸಿಗುವುದು ವೈರ್‌ಗಾರ್ಡ್ ಎಂಬ ಖಾಸಗಿ ನೆಟ್‌ವರ್ಕ್ (ವಿಪಿಎನ್) ಒಳಗೆ ಮಾತ್ರ. ಅಲ್ಲೂ ಎಚ್‌ಟಿಟಿಪಿಎಸ್ ಕಡ್ಡಾಯ.

ಮೊದಲು ಪ್ರತಿಯೊಬ್ಬರ ಹೆಸರಿನಲ್ಲಿ ಒಂದೊಂದು ಸರ್ವಿಸ್ ಅಕೌಂಟ್ (ಕುಬರ್ನೆಟಿಸ್ ಒಳಗಿನ ಖಾತೆ) ಮಾಡಿದೆ. ಸರ್ವಿಸ್ ಅಕೌಂಟ್ ಇರುವುದು ಪಾಡ್‌ಗಳಿಗೆ (ಕ್ಲಸ್ಟರಿನಲ್ಲಿ ಓಡುವ ಆಪ್‌ನ ಪ್ರತಿಗಳಿಗೆ), ಮನುಷ್ಯರಿಗಲ್ಲ ಅನ್ನುವವರಿದ್ದಾರೆ. ಮಾತು ಸರಿ. ಜನ ಜಾಸ್ತಿಯಾದರೆ ಕೀಕ್ಲೋಕ್ ತರಹದ ಲಾಗಿನ್ ಸರ್ವರ್ ಇಟ್ಟು ಓಐಡಿಸಿ (ಎಲ್ಲರ ಲಾಗಿನ್ ಒಂದೇ ಕಡೆ ನೋಡಿಕೊಳ್ಳುವ ಪದ್ಧತಿ) ಮಾಡುವುದೇ ಒಳ್ಳೆಯದು. ಕೈಬೆರಳಲ್ಲಿ ಎಣಿಸುವಷ್ಟು ಜನರಿಗೆ ಅದನ್ನೂ ಒಂದು ಸರ್ವರ್ ಅಂತ ಸಾಕುವುದು ಬೇಡ ಅನ್ನಿಸಿತು. ಎಲ್ಲರಿಗೂ ಕ್ಲೈಂಟ್ ಸರ್ಟಿಫಿಕೇಟ್ (ಡಿಜಿಟಲ್ ಗುರುತಿನ ಪತ್ರ) ಇರುವ ಕ್ಯೂಬ್‌ಕಾನ್ಫಿಗ್ ಎಂಬ ಲಾಗಿನ್ ಫೈಲ್ ಕೊಡುವ ದಾರಿಯನ್ನೂ ಬಿಟ್ಟೆ. ಒಮ್ಮೆ ಕೊಟ್ಟ ಸರ್ಟಿಫಿಕೇಟ್ ರದ್ದು ಮಾಡಲು ಕುಬರ್ನೆಟಿಸ್‌ನಲ್ಲಿ ವ್ಯವಸ್ಥೆಯೇ ಇಲ್ಲ, ಅವಧಿ ಮುಗಿಯುವ ತನಕ ಅದು ನಡೆಯುತ್ತಲೇ ಇರುತ್ತದೆ. ಸರ್ವಿಸ್ ಅಕೌಂಟ್ ಆದರೆ ಹಾಗಲ್ಲ. ಅಳಿಸಿದರೆ ಅದರ ಟೋಕನ್‌ಗಳೂ ಕೆಲಸಕ್ಕೆ ಬರುವುದಿಲ್ಲ.

ಆಮೇಲೆ ಅಧಿಕಾರ. ಹೆಡ್‌ಲ್ಯಾಂಪ್‌ನ ಹೆಲ್ಮ್ ಚಾರ್ಟ್ (ಇನ್‌ಸ್ಟಾಲ್ ಮಾಡುವ ಪ್ಯಾಕೇಜ್) ಹಾಗೇ ಹಾಕಿದರೆ ಅದರ ಸ್ವಂತ ಸರ್ವಿಸ್ ಅಕೌಂಟಿಗೆ ಕ್ಲಸ್ಟರ್-ಅಡ್ಮಿನ್ ಅಧಿಕಾರ, ಅಂದರೆ ಎಲ್ಲದಕ್ಕೂ ಅನುಮತಿ, ಕಟ್ಟಿಬಿಡುತ್ತದೆ. ಆ ಅಕೌಂಟಿನ ಟೋಕನ್ ತೆಗೆದು ಹಂಚಿದರೆ ಕಥೆ ಮುಗಿಯಿತು. ಅಧಿಕಾರ ಕಟ್ಟುವ ಆ ಬೈಂಡಿಂಗ್ ಅನ್ನು ಚಾರ್ಟಿನ ಸೆಟ್ಟಿಂಗ್ ಇರುವ ವ್ಯಾಲ್ಯೂಸ್ ಫೈಲಿನಲ್ಲೇ ಆಫ್ ಮಾಡಿದೆ. ಕುಬರ್ನೆಟಿಸ್ ಜೊತೆಗೇ ಬರುವ 'ವ್ಯೂ' ರೋಲ್ (ಅನುಮತಿಗಳ ಪಟ್ಟಿ) ನೋಡುವುದಕ್ಕೆ ಸಾಕು, ಅದರಲ್ಲಿ ಸೀಕ್ರೆಟ್ (ಪಾಸ್‌ವರ್ಡ್‌ನಂಥವನ್ನು ಇಡುವ ಜಾಗ) ಕಾಣುವುದಿಲ್ಲ. 'ಎಡಿಟ್' ರೋಲ್ ಬೇಡವೆಂದೆ. ಅದರಲ್ಲಿ ಸೀಕ್ರೆಟ್ ಓದಬಹುದು, ಪಾಡ್ ಒಳಗೆ ಎಕ್ಸೆಕ್ ಮಾಡಬಹುದು, ಅಂದರೆ ಒಳಹೊಕ್ಕು ಆಜ್ಞೆ ಓಡಿಸಬಹುದು. ಡೇಟಾಬೇಸ್ ಪಾಸ್‌ವರ್ಡ್ ಕೈಗೆ ಕೊಟ್ಟಂತೆಯೇ ಅಲ್ವಾ? ನಮ್ಮ ಸಪೋರ್ಟ್ ರೋಲಿನಲ್ಲಿ 'ವ್ಯೂ' ಜೊತೆಗೆ, ಆಪ್ ಇರುವ ನೇಮ್‌ಸ್ಪೇಸಿನಲ್ಲಿ (ಕ್ಲಸ್ಟರಿನ ಒಂದು ವಿಭಾಗದಲ್ಲಿ) ಪಾಡ್ ಡಿಲೀಟ್ ಮಾಡುವ ಅನುಮತಿ ಮಾತ್ರ ಇದೆ. ಪಾಡ್ ಡಿಲೀಟ್ ಮಾಡಿದರೆ ಡಿಪ್ಲಾಯ್‌ಮೆಂಟ್ (ಆಪ್‌ನ ಪಾಡ್‌ಗಳು ಸದಾ ಇರುವಂತೆ ನೋಡಿಕೊಳ್ಳುವ ಭಾಗ) ತಾನೇ ಹೊಸದನ್ನು ಎಬ್ಬಿಸುತ್ತದೆ, ರೀಸ್ಟಾರ್ಟ್ ಆದ ಹಾಗೇ ಆಯಿತು. ಡಿಪ್ಲಾಯ್‌ಮೆಂಟ್ ಮೇಲೆ ಪ್ಯಾಚ್ (ತಿದ್ದುವ) ಅನುಮತಿ ಕೊಟ್ಟರೆ ಇಮೇಜನ್ನೇ, ಅಂದರೆ ಓಡುವ ಪ್ರೋಗ್ರಾಮನ್ನೇ, ಬದಲಾಯಿಸಬಹುದು, ಆ ನೇಮ್‌ಸ್ಪೇಸಿನ ಯಾವ ಸೀಕ್ರೆಟ್ ಬೇಕಾದರೂ ಒಳಗೆ ಜೋಡಿಸಿಕೊಳ್ಳಬಹುದು. ಅದಕ್ಕೇ ಅದನ್ನು ಕೊಟ್ಟಿಲ್ಲ.

ಟೋಕನ್ ತೆಗೆಯುವುದು 'ಕ್ಯೂಬ್‌ಕಂಟ್ರೋಲ್ ಕ್ರಿಯೇಟ್ ಟೋಕನ್' ಆಜ್ಞೆಯಿಂದ (kubectl create token). ಇದು ಕುಬರ್ನೆಟಿಸ್‌ನ 2022ರ 1.24 ಆವೃತ್ತಿಯಲ್ಲಿ ಬಂತು. ಅದಕ್ಕೂ ಮೊದಲು ಪ್ರತಿ ಸರ್ವಿಸ್ ಅಕೌಂಟಿಗೂ ಕೊನೆಯೇ ಇಲ್ಲದ ಒಂದು ಟೋಕನ್ ಸೀಕ್ರೆಟ್ ಆಗಿ ತಾನಾಗಿಯೇ ಹುಟ್ಟುತ್ತಿತ್ತು. ಹಳೆಯ ಟ್ಯುಟೋರಿಯಲ್ ನೋಡಿಕೊಂಡು ಇವತ್ತೂ ಕೆಲವರು ಆ ಸೀಕ್ರೆಟ್ ಅನ್ನು ಕೈಯಾರೆ ಮಾಡುತ್ತಾರೆ. ಯಾಕೆ ಅಂತ ನನಗೆ ಅರ್ಥವಾಗುವುದಿಲ್ಲ. ಹೊಸ ಆಜ್ಞೆಯಲ್ಲಿ ನೀವು ಏನೂ ಹೇಳದಿದ್ದರೆ ಟೋಕನ್ 1 ಗಂಟೆ ಬಾಳುತ್ತದೆ. ನಾನು ಅವಧಿಯನ್ನು 9 ಗಂಟೆ ಅಂತ ಕೊಡುತ್ತೇನೆ, ಒಂದು ಪಾಳಿಗೆ ಸರಿಹೋಗುತ್ತದೆ. ಬೆಳಿಗ್ಗೆ ಸ್ಕ್ರಿಪ್ಟ್ ಓಡಿ ಅವರವರ ಪಾಸ್‌ವರ್ಡ್ ಮ್ಯಾನೇಜರಿಗೆ ಟೋಕನ್ ಹೋಗಿ ಕೂರುತ್ತದೆ.

ಟೋಕನ್ ಒಳಗೆ ಏನಿದೆ ಅಂತ ಒಮ್ಮೆ ನೋಡಿ. ಎರಡು ಚುಕ್ಕಿಗಳಿಂದ ಬೇರೆಯಾದ ಮೂರು ತುಂಡುಗಳು. ನಡುವಿನ ತುಂಡನ್ನು ಬೇಸ್64 ಎಂಬ ಬರಹರೂಪದಿಂದ ಬಿಡಿಸಿದರೆ ಯಾವ ಅಕೌಂಟು, ಯಾವಾಗ ಶುರು, ಯಾವಾಗ ಮುಗಿಯುತ್ತದೆ ಎಲ್ಲ ಸಾದಾ ಅಕ್ಷರದಲ್ಲಿ ಸಿಗುತ್ತದೆ. ಅದರಲ್ಲಿ ಗುಟ್ಟೇನೂ ಇಲ್ಲ. ಕೊನೆಯ ತುಂಡಿನ ಸಹಿ ಇರುವುದರಿಂದ ಯಾರೂ ತಿದ್ದಲು ಆಗುವುದಿಲ್ಲ, ಅಷ್ಟೇ. ಇದನ್ನು ನಿಮ್ಮ ಕಂಪ್ಯೂಟರಿನಲ್ಲೇ ಬಿಡಿಸಿ. ಜೀವಂತ ಟೋಕನ್ ಅನ್ನು ಸುಮ್ನೆ ಯಾವುದೋ ವೆಬ್‌ಸೈಟಿಗೆ ಪೇಸ್ಟ್ ಮಾಡಬೇಡಿ.

ಈ ಶುರು-ಮುಗಿಯುವ ಸಮಯವೇ ಮೂಡಿಗೆರೆಯಲ್ಲಿ ನಮ್ಮನ್ನು ಕಾಡಿತು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋಗುವುದು ಮಲೆನಾಡಿನಲ್ಲಿ ಹೊಸದಲ್ಲ. ಕರೆಂಟ್ ಬಂದ ಮೇಲೆ ಪೈ ಎದ್ದಿತು, ಆಪ್‌ಗಳೂ ಎದ್ದವು. ಕರೆಂಟ್ ಹೋಗುವ ಸ್ವಲ್ಪ ಮುಂಚೆ ಕೊಟ್ಟಿದ್ದ ಟೋಕನ್ ಹಾಕಿದರೆ ಮಾತ್ರ 401, ಅಂದರೆ ನೀವು ಯಾರೋ ಗೊತ್ತಿಲ್ಲ ಅನ್ನುವ ಉತ್ತರ. ರಾಸ್ಪ್‌ಬೆರಿ ಪೈ 4ರಲ್ಲಿ ಗಡಿಯಾರಕ್ಕೆ ಬ್ಯಾಟರಿ ಇಲ್ಲ. ಎದ್ದಾಗ ಕೊನೆಗೆ ಬರೆದಿಟ್ಟುಕೊಂಡ ಸಮಯದಿಂದಲೇ ಮುಂದುವರಿಯುತ್ತದೆ, ಇಂಟರ್ನೆಟ್ ಬಂದ ಮೇಲೆ ಸರಿ ಮಾಡಿಕೊಳ್ಳುತ್ತದೆ. ಅವತ್ತು ಫೈಬರ್ ಕೇಬಲ್ಲೂ ಕಡಿದಿತ್ತು. ಪೈ ಲೆಕ್ಕದಲ್ಲಿ ಆ ಟೋಕನ್ ಇನ್ನೂ ಹುಟ್ಟಿರಲೇ ಇಲ್ಲ! ಸರ್ವರ್ ಲಾಗಿನಲ್ಲೂ ಟೋಕನ್ ಇನ್ನೂ ಚಾಲ್ತಿಗೆ ಬಂದಿಲ್ಲ ಅಂತಲೇ ಇತ್ತು. ಅಲ್ಲೇ ಹೊಸ ಟೋಕನ್ ಮಾಡಿದರೆ ಲಾಗಿನ್ ಆಗುತ್ತದೆ. ಆದರೆ ಕರೆಂಟ್ ಮೂರು ಗಂಟೆ ಹೋಗಿದ್ದು, ನೀವು ಮಾಡಿದ್ದು 1 ಗಂಟೆಯ ಟೋಕನ್ ಆದರೆ, ಇಂಟರ್ನೆಟ್ ಬಂದು ಗಡಿಯಾರ ಮುಂದೆ ಜಿಗಿದ ಕೂಡಲೇ ಅದೂ ಸಾಯುತ್ತದೆ.

ಪರಿಹಾರ ಸಣ್ಣದು. ಡಿಎಸ್3231 ಅನ್ನುವ ಗಡಿಯಾರದ ಮಾಡ್ಯೂಲ್ ತಂದು ಪೈನ ಐ2ಸಿ ಪಿನ್‌ಗಳಿಗೆ ಸಿಕ್ಕಿಸಿದೆವು, ಅದಕ್ಕೊಂದು ನಾಣ್ಯದಂಥ ಬ್ಯಾಟರಿ. ಕಾನ್ಫಿಗ್ ಫೈಲಿನಲ್ಲಿ ಪೈಗೆ ಅದರ ಗುರುತು ಹೇಳುವ ಓವರ್‌ಲೇ ಸಾಲು ಸೇರಿಸಿ, ಬರೆದಿಟ್ಟ ಸಮಯದಿಂದ ಮುಂದುವರಿಸುತ್ತಿದ್ದ ಸುಳ್ಳು ಗಡಿಯಾರದ ಪ್ಯಾಕೇಜ್ ತೆಗೆದುಹಾಕಿದೆವು. ಆಮೇಲೆ ಕರೆಂಟ್ ಎಷ್ಟು ಸಲ ಹೋದರೂ ಸಮಯ ತಪ್ಪಿಲ್ಲ. ಈ ತೊಂದರೆ ಬಂದಾಗ 'ಹಾಗಾದರೆ ವರ್ಷದ ಟೋಕನ್ ಕೊಟ್ಟುಬಿಡಿ' ಎಂಬ ಸಲಹೆ ಬಂದಿತ್ತು. ನಾನು ಒಪ್ಪಲಿಲ್ಲ. ಕೆಟ್ಟಿದ್ದು ಗಡಿಯಾರ, ಸರಿ ಮಾಡಬೇಕಾದದ್ದೂ ಅದನ್ನೇ.

ಸಪೋರ್ಟ್ ಹುಡುಗರಿಗೆ ಎರಡು ನಂಬರ್ ಬಾಯಿಪಾಠ ಮಾಡಿಸಿದ್ದೇನೆ. 401 ಬಂದರೆ ನೀವು ಯಾರು ಅಂತ ಸರ್ವರಿಗೆ ಗೊತ್ತಾಗಿಲ್ಲ: ಟೋಕನ್ ಅವಧಿ ನೋಡಿ, ಆಮೇಲೆ ಸರ್ವರಿನ ಸಮಯ ನೋಡಿ. 403 ಬಂದರೆ ನೀವು ಯಾರು ಅಂತ ಗೊತ್ತಾಗಿದೆ, ಆ ಕೆಲಸಕ್ಕೆ ಅನುಮತಿ ಇಲ್ಲ: ಟೋಕನ್ ಬದಲಾಯಿಸಿ ಪ್ರಯೋಜನವಿಲ್ಲ, ನನಗೆ ಫೋನ್ ಮಾಡಿ. ಆಗ ನಾನು 'ಆತ್ ಕ್ಯಾನ್-ಐ' ಆಜ್ಞೆಯನ್ನು ಅವರ ಅಕೌಂಟಿನ ಹೆಸರಿನಲ್ಲಿ ಓಡಿಸಿ, ಅವರಿಗೆ ಏನೇನು ಸಾಧ್ಯ ಅಂತ ಪಟ್ಟಿ ನೋಡುತ್ತೇನೆ.

ಯಾರು ಏನು ಮಾಡಿದರು ಅಂತ ಬರೆದಿಡುವ ಆಡಿಟ್ ಲಾಗ್ ಕೆ3ಎಸ್‌ನಲ್ಲಿ ತಾನಾಗಿ ಬರುವುದಿಲ್ಲ, ಪಾಲಿಸಿ ಫೈಲ್ ಬರೆದು ಆನ್ ಮಾಡಬೇಕು. ನಾವು ಡಿಲೀಟ್ ಮತ್ತು ಬದಲಾವಣೆಗಳನ್ನು ಮಾತ್ರ ಬರೆಸುತ್ತೇವೆ, ಓದಿದ್ದನ್ನೆಲ್ಲ ಬರೆಸಿದರೆ ಪೈನ ಎಸ್‌ಡಿ ಕಾರ್ಡ್ ತಡೆಯುವುದಿಲ್ಲ. ಈಗ ತೂಕದ ಆಪ್‌ನ ಪಾಡ್ ಯಾರು ಅಳಿಸಿದರು ಅಂತ ಹುಡುಕಿದರೆ, ಆ ಸಾಲಿನಲ್ಲಿ ಅಳಿಸಿದವರ ಅಕೌಂಟಿನ ಹೆಸರೇ ಸಿಗುತ್ತದೆ.