ಕಂದು ರೋಗ: ಹಸು ಆಯ್ತು, ಈಗ ಸಾಕೋರ ರಕ್ತ ಟೆಸ್ಟ್

ನಾನು ಪಶುವೈದ್ಯ, ತುಮಕೂರು ಕಡೆ ಕೆಲಸ. ಬ್ರುಸೆಲ್ಲೋಸಿಸ್ ಅಂದ್ರೆ ಕಂದು ರೋಗ, ಆರೇಳು ತಿಂಗಳ ಗಬ್ಬದ ಹಸು ಕಂದು ಹಾಕುತ್ತೆ (ಗರ್ಭಪಾತ ಆಗುತ್ತೆ), ಮಾಸು ಬೀಳಲ್ಲ, ಮನೆಯೋರೇ ಬರಿಗೈ ಹಾಕಿ ಕೀಳ್ತಾರೆ, ಮನುಷ್ಯರಿಗೆ ಜಾಸ್ತಿ ಅಂಟೋದು ಅಲ್ಲೇ. ಹಸು ಪಾಸಿಟಿವ್ ಬಂದ ಮನೆ ಜನರನ್ನೂ ನೋಡೋಣ ಅಂತ ಪಿಎಚ್‌ಸಿಯೋರ ಜೊತೆ ಸೇರಿ ಶುರು ಮಾಡಿದ್ವಿ. ಮನುಷ್ಯರ ರಕ್ತ ತೆಗೆಯೋದು ಅವರ ಲ್ಯಾಬ್ ಟೆಕ್ನಿಷಿಯನ್, ನಾನಲ್ಲ.

ಬೆಳಿಗ್ಗೆ ಡೇರಿಗೆ ಹಾಲು ಹಾಕೋಕೆ ಬಂದಾಗ ಹಿಡೀಬೇಕು, ಹೊಲಕ್ಕೆ ಹೋದ್ರೆ ಮುಗೀತು. ಆದ್ರೆ ಅಲ್ಲಿ ಸಿಗೋರು ಗಂಡಸ್ರೇ ಜಾಸ್ತಿ, ಕೊಟ್ಟಿಗೆ ಬಾಚೋರು ಹೆಂಗಸ್ರು, ಹಾಗಾಗಿ ಮನೆಗೂ ಹೋಗ್ಲೇಬೇಕು. "ಹಸ ಕಂದಾಕುದ್ರೆ ನಮಗ್ಯಾಕಪ್ಪ ಸೂಜಿ" ಅಂದ್ರು ಒಬ್ಬಜ್ಜಿ, ಆಮೇಲೆ ತಾವೇ ಶುರು ಮಾಡಿದ್ರು, ಸಂಜೆ ಆದ್ರೆ ಮೈ ಬಿಸಿ, ರಾತ್ರಿ ಸೀರೆ ಒದ್ದೆಯಾಗೋಷ್ಟು ಬೆವರು, ಸೊಂಟ ಹಿಡ್ಕೊಂಡಿದೆ, ಮಲೇರಿಯಾ ಟೈಫಾಯ್ಡ್ ಎಲ್ಲಾ ನೋಡಿದ್ರಂತೆ, ಮನೇಲಿ ದನ ಇದ್ಯಾ ಅಂತ ಮಾತ್ರ ಯಾರೂ ಕೇಳಿಲ್ಲ.

ಕೇಳೋದ್ರಲ್ಲೂ ಒಂದು ರೀತಿ ಇದೆ. "ಮಾಸು ಕೈಯಲ್ಲಿ ತೆಗೀತೀರಾ" ಅಂದ್ರೆ ಇಲ್ಲ ಅಂತಾರೆ. "ಹೋದ್ಸಲ ಕರು ಎಳೆದಿದ್ದು ಯಾರು, ಮಾಸು ಎಲ್ಲಿಗೆ ಎಸೆದ್ರಿ" ಅಂದ್ರೆ ಪೂರ್ತಿ ಕಥೆ ಬರುತ್ತೆ.

ಟೆಸ್ಟ್ ಸುಲಭ. ರಕ್ತ ಹೆಪ್ಪುಗಟ್ಟಿದ್ಮೇಲೆ ಸೀರಂ ಬೇರೆ ಮಾಡಿ, ಒಂದು ಹನಿ ಸೀರಂ, ಅಷ್ಟೇ ರೋಸ್ ಬೆಂಗಾಲ್ ಆಂಟಿಜೆನ್ (ಬಣ್ಣ ಹಾಕಿದ ಸತ್ತ ಬ್ರುಸೆಲ್ಲಾ ಬ್ಯಾಕ್ಟೀರಿಯಾ ಇರೋ ದ್ರಾವಣ), ಕಡ್ಡೀಲಿ ಬೆರೆಸಿ 4 ನಿಮಿಷ ಅಲ್ಲಾಡಿಸ್ತಾ ನೋಡೋದು. ನೆಗೆಟಿವ್ ಆದ್ರೆ ಗುಲಾಬಿ ಬಣ್ಣ ನುಣ್ಣಗೇ ಇರುತ್ತೆ, ಪಾಸಿಟಿವ್ ಆದ್ರೆ ಹಾಲು ಒಡೆದಂಗೆ ಕಾಳುಕಾಳು. ಆಂಟಿಜೆನ್ ಫ್ರಿಜ್‌ನಿಂದ ತೆಗೆದ ತಕ್ಷಣ ಹಾಕ್ಬಾರ್ದು, ರೂಮ್ ಟೆಂಪರೇಚರ್‌ಗೆ ಬರ್ಲಿ. ಪಾಸಿಟಿವ್ ಬಂದಿದ್ದನ್ನ ಟ್ಯೂಬ್ ಅಗ್ಲುಟಿನೇಶನ್ ಅನ್ನೋ ಇನ್ನೊಂದು ಟೆಸ್ಟ್‌ಗೆ ಕಳಿಸಿ ಟೈಟರ್ (ಸೀರಂ ಎಷ್ಟು ಪಟ್ಟು ತೆಳು ಮಾಡಿದ್ರೂ ಪಾಸಿಟಿವ್ ಬರುತ್ತೆ ಅನ್ನೋ ಲೆಕ್ಕ) ನೋಡ್ತಿದ್ವಿ, 1:160 ಮೇಲಿದ್ದು ಜ್ವರಾನೂ ಇದ್ರೆ ಡಾಕ್ಟ್ರು ಸೀರಿಯಸ್ಸಾಗಿ ತಗೋತಿದ್ರು.

ಕಷ್ಟ ಇರೋದು ರಿಪೋರ್ಟ್ ಹೇಳೋದ್ರಲ್ಲಿ. ಪಾಸಿಟಿವ್ ಅಂದ್ರೆ ಯಾವಾಗ್ಲೋ ಸೋಂಕು ತಾಗಿರಬಹುದು ಅಂತ, ಈಗ ಕಾಯಿಲೆ ಇದೆ ಅಂತಲೇ ಅಲ್ಲ. ನನ್ನದೇ ಉದಾಹರಣೆ ಕೊಡ್ತಿದ್ದೆ, ಮಾಸು ತೆಗೆದೂ ತೆಗೆದೂ ನಂದೂ ಪಾಸಿಟಿವ್ವೇ, ಜ್ವರ ಗಿರ ಏನಿಲ್ಲ, ಮಾತ್ರೆನೂ ತಗೊಂಡಿಲ್ಲ. ಊರಿನ ಮುಂದೆ ಹೆಸರು ಕೂಗ್ಬಾರ್ದು, ಅವರ ಮನೆ ಹಾಲು ಬೇಡ ಅನ್ನೋಕೆ ಜನಕ್ಕೆ ಅಷ್ಟೇ ಸಾಕು, ಕಾಯಿಸಿ ಕುಡಿದ್ರೆ ಏನೂ ಆಗಲ್ಲ ಅಂದ್ರೂ ಕೇಳಲ್ಲ. ಕಾಯಿಲೆ ಇರೋರಿಗೆ ಡಾಕ್ಸಿಸೈಕ್ಲಿನ್ ಜೊತೆ ರಿಫಾಂಪಿಸಿನ್, 6 ವಾರ. ಜ್ವರ ಇಳಿದ ತಕ್ಷಣ ಬಿಟ್ಬಿಡ್ತಾರೆ, ಮತ್ತೆ ತಿರುಗಿಕೊಳ್ಳುತ್ತೆ. ಇನ್ನೊಂದು, ರಿಫಾಂಪಿಸಿನ್‌ಗೆ ಮೂತ್ರ ಕೆಂಪಗೆ ಹೋಗುತ್ತೆ, ರಕ್ತ ಹೋಗ್ತಿದೆ ಅಂತ ಹೆದರಿ ಮಾತ್ರೆ ತಿಪ್ಪೆಗೆ ಎಸೆದೋರಿದ್ದಾರೆ, ಚೀಟಿ ಕೊಡುವಾಗ್ಲೇ ಹೇಳ್ಬಿಡಿ.